ಆತ್ಮರಕ್ಷಣೆಗಾದರೂ...

"ಹೆಣ್ಣುಮಕ್ಕಳು ಆತ್ಮರಕ್ಷಣೆಗಾದರೂ ಒಂದಿಷ್ಟು ಕರಾಟೆಯೋ ಜೂಡೊವೋ ಕಲಿತಿರಬೇಕು." ಮಾರ್ಚ್ ಎಂಟನೇ ತಾರೀಖು ಬಂತೆಂದರೆ ಈ ಮಾತಿಲ್ಲದೆ ನಮ್ಮ ಕಡೆ ಒಂದು ಸಭೆಯೂ ಮುಗಿಯುವುದಿಲ್ಲ. ಹೇಳುವವರು ಒಳ್ಳೆಯವರೇ. ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ನಿಜವಾದ ಕಾಳಜಿಯಿಂದಲೇ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಅಧ್ಯಾಪಕಿಯರು, ಮಹಿಳಾ ಸಮಾಜದವರು ತಲೆದೂಗಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಆ ಚಪ್ಪಾಳೆಗೆ ಕೈ ಏಳುವುದಿಲ್ಲ.

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಮಾತಿನ ಬಾಲದ ಮೇಲೆ ಕಣ್ಣು ಹೋಗುವುದು ಸಹಜ. ಈ ವಾಕ್ಯದಲ್ಲಿ ನನ್ನನ್ನು ಚುಚ್ಚುವುದು 'ಆತ್ಮರಕ್ಷಣೆ' ಅಲ್ಲ, ಅದಕ್ಕೆ ಅಂಟಿಕೊಂಡ 'ಆದರೂ'. ಪಲ್ಯ ಇಲ್ಲದಿದ್ದರೆ ಉಪ್ಪಿನಕಾಯಿಯಾದರೂ ಇರಲಿ ಎನ್ನುತ್ತೇವಲ್ಲ, ಆ 'ಆದರೂ'. ಅಂದರೆ ಬೇರೆ ಯಾವ ಕಾರಣಕ್ಕೂ ಹುಡುಗಿ ಮೈಯಲ್ಲಿ ಶಕ್ತಿ ಬೆಳೆಸಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಒಬ್ಬ ಕೈಹಾಕಿಯಾನು ಎಂಬ ಒಂದೇ ಭಯಕ್ಕೆ ಒಂದಿಷ್ಟು ಬೆಳೆಸಿಕೊಂಡರೆ ತಪ್ಪಿಲ್ಲ ಎಂದು ಅರ್ಥ. ಗಂಡುಹುಡುಗನನ್ನು ಗರಡಿಗೆ ಕಳಿಸುವಾಗ ಯಾರಾದರೂ 'ಆತ್ಮರಕ್ಷಣೆಗಾದರೂ ಹೋಗಲಿ' ಎಂದದ್ದನ್ನು ನೀವು ಕೇಳಿದ್ದೀರಾ? ಅವನು ಗೆಲ್ಲಲಿ ಎಂದು ಕಳಿಸುತ್ತಾರೆ. ದಸರಾ ಕುಸ್ತಿಯಲ್ಲಿ ಗದೆ ಹೊತ್ತು ಬರಲಿ, ಪತ್ರಿಕೆಯಲ್ಲಿ ಫೋಟೊ ಬರಲಿ ಎಂದು ಕಳಿಸುತ್ತಾರೆ. ಅವನ ಮೈ ಅವನ ಸಂತೋಷಕ್ಕೆ. ಅವಳ ಮೈ ಕಾಪಾಡಿಕೊಳ್ಳಬೇಕಾದ ಗಂಟು.

ಸರ್ಕಾರವೂ ಇದನ್ನೇ ನಂಬಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಆರರಿಂದ ಹನ್ನೆರಡನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಇರಲಿ, ಬೇಡ ಎನ್ನುವಷ್ಟು ಮೂರ್ಖಳಲ್ಲ ನಾನು. ಆ ಮೂರು ತಿಂಗಳು ಹುಡುಗಿಯರ ಮುಖ ನೋಡಿದವರು ಬೇಡ ಎನ್ನಲಾರರು. ಆದರೆ ನಾಲ್ಕನೇ ತಿಂಗಳು? ಸಾಲಾಗಿ ನಿಂತು ಗಾಳಿಗೆ ಗುದ್ದಿದ ಮಕ್ಕಳು ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡು ತರಗತಿಗೆ ಮರಳುತ್ತಾರೆ. ಎದುರಿಗೆ ನಿಂತು ನಿಜವಾಗಿ ತಳ್ಳುವ, ಎಳೆಯುವ, ಕೆಡವಲು ನೋಡುವ ಇನ್ನೊಂದು ಮೈಯನ್ನು ಅವರಲ್ಲಿ ಬಹುಪಾಲು ಮಂದಿ ಒಮ್ಮೆಯೂ ಮುಟ್ಟಿರುವುದಿಲ್ಲ.

ಈ 'ಆದರೂ'ವಿನ ಜೊತೆ ಜೀವನವಿಡೀ ಗುದ್ದಾಡಿದ ಒಬ್ಬ ಹೆಂಗಸಿದ್ದರು. ಹೆಸರು ರಸ್ಟಿ ಕಾನೊಕೋಗಿ. ಅಮೆರಿಕದವರು, ಜೂಡೊ ಆಟಗಾರ್ತಿ, ಆಮೇಲೆ ತರಬೇತುದಾರ್ತಿ. ನಮ್ಮ ಓದುಗ ಗೆಳತಿಯರಲ್ಲಿ ಹೆಚ್ಚಿನವರು ಅವರ ಹೆಸರು ಕೇಳಿರಲಾರಿರಿ. ಕೇಳಿದವರೂ ಬಹುಶಃ ಒಂದೇ ಪ್ರಸಂಗ ಕೇಳಿರುತ್ತೀರಿ, ಗಂಡುವೇಷದ್ದು. ಅದನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ.

ಹುಟ್ಟುಹೆಸರು ರೀನಾ ಗ್ಲಿಕ್‌ಮನ್. 1935ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದವರು. ಬೆಳೆದದ್ದು ಕೋನಿ ಐಲೆಂಡ್ ಎಂಬ, ವರ್ಷಪೂರ್ತಿ ಜಾತ್ರೆಯ ಕಳೆ ಇರುವ ಕಡಲದಂಡೆಯಲ್ಲಿ. ಚಿಕ್ಕಂದಿನಿಂದಲೇ ಸಣ್ಣಪುಟ್ಟ ಕೆಲಸ ಮಾಡಿ ಕಾಸು ಸಂಪಾದಿಸಿದವರು. ಹರೆಯದಲ್ಲಿ ಬೀದಿ ಹುಡುಗಿಯರ ಒಂದು ಗುಂಪಿಗೇ ನಾಯಕಿ. 'ರಸ್ಟಿ' ಎಂಬ ಅಡ್ಡಹೆಸರು ಬಂದದ್ದು ಆ ಓಣಿಯ ಒಂದು ನಾಯಿಯಿಂದ ಅಂತೆ! ನಮ್ಮಲ್ಲಾದರೆ ಇಂಥ ಹುಡುಗಿಯನ್ನು 'ಗಂಡುಬೀರಿ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಿದ್ದರು. 1955ರಲ್ಲಿ ಪರಿಚಯದ ಹುಡುಗನೊಬ್ಬ ಜೂಡೊದ ಒಂದು ಪಟ್ಟು ತೋರಿಸಿದ. ಅಲ್ಲಿಂದ ಹುಚ್ಚು ಹಿಡಿಯಿತು. ಗಂಡಸರ ಜೊತೆಯಲ್ಲೇ ಕಲಿತರು, ಬೇರೆ ಹೆಂಗಸರು ಎಲ್ಲಿದ್ದರು?

1959ರಲ್ಲಿ ಯೂಟಿಕಾ ಎಂಬ ಊರಿನಲ್ಲಿ ನ್ಯೂಯಾರ್ಕ್ ರಾಜ್ಯದ ವೈ.ಎಂ.ಸಿ.ಎ. ಜೂಡೊ ಸ್ಪರ್ಧೆ. ರಸ್ಟಿಯ ತಂಡದ ಒಬ್ಬನಿಗೆ ಪೆಟ್ಟಾಗಿತ್ತು. ಆಳು ಕಡಿಮೆ ಬಿತ್ತು. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದ ರಸ್ಟಿ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಅವನ ಜಾಗದಲ್ಲಿ ಇಳಿದರು. ಎದುರಾಳಿಯನ್ನು ಗೆದ್ದರು, ತಂಡವೂ ಗೆದ್ದಿತು, ಕೊರಳಿಗೆ ಪದಕ ಬಿತ್ತು. ಆಮೇಲೆ ಸಂಘಟಕರೊಬ್ಬರು ಪಕ್ಕಕ್ಕೆ ಕರೆದು, ನೀನು ಹೆಣ್ಣೇ ಎಂದು ಕೇಳಿದರು. ಹೌದು ಎಂದರು. ಪದಕ ವಾಪಸು ಹೋಯಿತು.

ಇಷ್ಟು ಹೇಳಿದರೆ ಕೇಳಿದವರಿಗೆಲ್ಲ ಖುಷಿ. ನಮ್ಮ ಜಾನಪದ ಕಥೆಗಳಲ್ಲಿ ಗಂಡುವೇಷ ಹಾಕಿ ಗೆದ್ದು ಬರುವ ಜಾಣ ಹೆಣ್ಣುಗಳು ಬೇಕಾದಷ್ಟಿದ್ದಾರೆ. ಆ ಸಾಲಿಗೆ ಇವರನ್ನೂ ಸೇರಿಸಿ ಸುಮ್ಮನಾಗುತ್ತಾರೆ. ನನಗೆ ಮುಖ್ಯವೆನಿಸುವುದು ವೇಷವಲ್ಲ, ಆಮೇಲೆ ನಡೆದದ್ದು. ಹೆಂಗಸರು ಸ್ಪರ್ಧಿಸಬಾರದು ಎಂದು ಅಂದಿನವರೆಗೆ ಆ ಅರ್ಜಿಯಲ್ಲಿ ಬರೆದಿರಲೇ ಇಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ. ಬಾಗಿಲು ಇರುವುದು ಗೊತ್ತಿಲ್ಲದವರಿಗೆ ಬೀಗ ಯಾಕೆ? ಈ ಘಟನೆಯ ನಂತರವೇ ಸ್ಪರ್ಧೆಗಳ ಅರ್ಜಿಗಳಲ್ಲಿ ಗಂಡಸರಿಗೆ ಮಾತ್ರ ಎಂಬುದು ಅಕ್ಷರದಲ್ಲಿ ಬಂತು. ಒಬ್ಬ ಹೆಂಗಸು ಗೆದ್ದದ್ದಕ್ಕೆ ಅವರು ಕೊಟ್ಟ ಉತ್ತರ ಅದು.

ಕೋಪ ಬಂದು ಬಿಟ್ಟುಬಿಡಬಹುದಿತ್ತು. ಆ ಹೊತ್ತಿಗೆ ಒಂದು ಮದುವೆಯಾಗಿ, ಮಗನೊಬ್ಬನಿದ್ದ. ಬಿಡಲಿಲ್ಲ. 1962ರಲ್ಲಿ ಜಪಾನಿಗೆ, ಜೂಡೊದ ತವರಾದ ಕೊಡೋಕಾನ್‌ಗೆ ಹೋದರು.

ಕೊಡೋಕಾನ್ ಎಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಜೂಡೊವನ್ನು ಕಟ್ಟಿದ ಜಿಗೊರೊ ಕಾನೊ ಮೂಲತಃ ಮೇಷ್ಟ್ರು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರನ್ನಿಟ್ಟುಕೊಂಡು ಈ ಶಾಲೆ ಶುರುಮಾಡಿದರು; ಮುಂದೆ ಬಹಳ ವರ್ಷ ಅಲ್ಲಿನ ಉನ್ನತ ಶಿಕ್ಷಕ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಬಿ.ಎಡ್.ನಲ್ಲಿ ನಮಗೆ ಪೆಸ್ಟಲಾಜಿ, ಫ್ರೊಬೆಲ್, ಮಾಂಟೆಸ್ಸರಿ ಎಲ್ಲರನ್ನೂ ಉರು ಹೊಡೆಸಿದರು, ಈ ಕಾನೊ ಹೆಸರನ್ನು ಯಾರೂ ಎತ್ತಲಿಲ್ಲ. 'ಜು' ಎಂದರೆ ಮೆದು, ಬಾಗುವ ಗುಣ. 'ದೊ' ಎಂದರೆ ದಾರಿ. ಎದುರಾಳಿ ತಳ್ಳಿದರೆ ಅವನ ತಳ್ಳುವಿಕೆಯನ್ನೇ ಬಳಸಿ ಅವನನ್ನು ಕೆಡವುವ ವಿದ್ಯೆ. ಬೆನ್ನು ಚಾಪೆಗೆ ಸರಿಯಾಗಿ ತಾಗುವಂತೆ, ರಭಸದಿಂದ ಕೆಡವಿದರೆ ಅಲ್ಲಿಗೇ ಪಂದ್ಯ ಮುಗಿಯಿತು. ಆದರೆ ಕೆಡವುವುದಕ್ಕಿಂತ ಮೊದಲ ಪಾಠ ಬೀಳುವುದು. ಗಲ್ಲವನ್ನು ಎದೆಗೊತ್ತಿ, ತಲೆ ನೆಲಕ್ಕೆ ಬಡಿಯದಂತೆ, ತೋಳಿನಿಂದ ಚಾಪೆಗೆ ಫಟ್ಟನೆ ಹೊಡೆದು ಬೀಳಬೇಕು. ವಾರಗಟ್ಟಲೆ ಇದೇ ಅಭ್ಯಾಸ. ನನಗೆ ಈ ವಿದ್ಯೆಯಲ್ಲಿ ಬಹಳ ಇಷ್ಟವಾದದ್ದು ಇದು. ನಾವು ಹೆಣ್ಣುಮಕ್ಕಳಿಗೆ ಹುಟ್ಟಿದಾಗಿನಿಂದ 'ಬಿದ್ದೀಯೆ, ಹುಷಾರು' ಎನ್ನುತ್ತೇವೆಯೇ ಹೊರತು ಹೀಗೆ ಬೀಳು ಎಂದು ಒಂದು ದಿನವೂ ಹೇಳಿಕೊಡುವುದಿಲ್ಲ.

ಕಾನೊ ಹೆಂಗಸರ ವಿರೋಧಿಯಾಗಿರಲಿಲ್ಲ. 1893ರಷ್ಟು ಹಿಂದೆಯೇ ಹೆಂಗಸರಿಗೆ ಕಲಿಸಲು ತೊಡಗಿದ್ದರು. 1926ರಲ್ಲಿ ಕೊಡೋಕಾನ್‌ನಲ್ಲಿ ಮಹಿಳಾ ವಿಭಾಗವೇ ತೆರೆಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೈಸ್ಕೂಲೇ ಅಪರೂಪವಾಗಿದ್ದ ಕಾಲ ಅದು, ಮೆಚ್ಚಬೇಕಾದದ್ದೇ. ಆದರೆ ಆ ವಿಭಾಗದಲ್ಲಿ ಒತ್ತು ಇದ್ದದ್ದು 'ಕಾತಾ'ಗೆ. ಕಾತಾ ಎಂದರೆ ಇಬ್ಬರು ಮೊದಲೇ ಗೊತ್ತಿರುವ ಕ್ರಮದಲ್ಲಿ, ನೃತ್ಯದ ಹಾಗೆ, ಪಟ್ಟುಗಳನ್ನು ಚೆಂದವಾಗಿ ಮಾಡಿ ತೋರಿಸುವುದು. ಪಂದ್ಯ ಮಾತ್ರ ಹೆಂಗಸರಿಗಲ್ಲ. ಕಪ್ಪು ಪಟ್ಟಿ ಸಿಕ್ಕಿದರೂ ಹೆಂಗಸಿನ ಪಟ್ಟಿಯ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ, ದೂರದಿಂದಲೇ ಗೊತ್ತಾಗಲಿ ಎಂಬಂತೆ. ಹೆಂಗಸರ ರಾಷ್ಟ್ರಮಟ್ಟದ ತೂಕವಾರು ಸ್ಪರ್ಧೆ ಜಪಾನಿನಲ್ಲಿ ಮೊದಲು ನಡೆದದ್ದು 1978ರಲ್ಲಿ. ಮಹಿಳಾ ವಿಭಾಗ ತೆರೆದು ಐವತ್ತೆರಡು ವರ್ಷಗಳಾದ ಮೇಲೆ!

ಕೇಕೊ ಫುಕುದಾ ಎಂಬವರ ಬದುಕು ನೋಡಿ. ಅವರ ತಾತ ಕಾನೊಗೇ ಗುರುವಾಗಿದ್ದವರು. 1935ರಲ್ಲಿ ಕಾನೊ ಶಿಷ್ಯೆಯಾಗಿ ಸೇರಿದ ಫುಕುದಾ ಜೂಡೊಗಾಗಿ ಮದುವೆಯ ಮಾತನ್ನೇ ಬಿಟ್ಟರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಸಲ ಸೇರಿದಾಗ ಗಂಡಸರು ಪದಕಕ್ಕೆ ಸೆಣಸಿದರು. ಫುಕುದಾ ಕಾತಾ ಪ್ರದರ್ಶಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹೆಂಗಸರಿಗಾಗಿಯೇ ಶಾಲೆ ನಡೆಸಿದರು. ಹೆಂಗಸಿಗೆ ಐದನೇ ದಾನ್‌ಗಿಂತ ಮೇಲಿನ ದರ್ಜೆ ಕೊಡಬಾರದೆಂಬ ನಿಯಮ ಇದ್ದುದರಿಂದ, 1953ರಲ್ಲಿ ಐದನೆಯದು ಪಡೆದವರು 1970ರ ದಶಕದವರೆಗೂ ಅಲ್ಲೇ ನಿಂತಿದ್ದರು. ಅವರ ಕೈಕೆಳಗೆ ಕಲಿತ ಗಂಡಸರಿಗೆ ಅಂಥ ಮಿತಿ ಇರಲಿಲ್ಲ. ನಮ್ಮಲ್ಲಿ ಬಡ್ತಿಯಿಲ್ಲದೆ ನಿವೃತ್ತರಾದ ಅಧ್ಯಾಪಕಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪತ್ರ ಬರೆದು ಚಳವಳಿ ಮಾಡಿದ ಮೇಲೆ ಆರನೆಯದು ಬಂತು. 2011ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ, ಹತ್ತನೇ ದಾನ್ ಕೊಟ್ಟದ್ದು ಅಮೆರಿಕದ ಜೂಡೊ ಸಂಸ್ಥೆ. ಕೊಡೋಕಾನ್ ಒಂಬತ್ತಕ್ಕೇ ನಿಂತಿತ್ತು. ಎರಡು ವರ್ಷದ ಮೇಲೆ ಅವರು ತೀರಿಕೊಂಡರು.

ರಸ್ಟಿ ಹೋದಾಗ ಕೊಡೋಕಾನ್ ಹೀಗಿತ್ತು. ಹೆಂಗಸರ ವಿಭಾಗದ ಮೆದು ಅಭ್ಯಾಸ ಅವರಿಗೆ ಸಾಲಲಿಲ್ಲ. ಕೊನೆಗೆ ಗಂಡಸರ ದೊಡ್ಡ ಅಂಗಳಕ್ಕೆ ಬಿಟ್ಟರು. ಅಲ್ಲಿ ಅಭ್ಯಾಸ ಮಾಡಲು ಅವಕಾಶ ಪಡೆದ ಮೊದಲ ಹೆಂಗಸು ಅವರು. ಅಲ್ಲಿಯೇ ರ‍್ಯೋಹೇ ಕಾನೊಕೋಗಿ ಎಂಬ ಜೂಡೊ ಪಟುವಿನ ಪರಿಚಯವಾಗಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಮದುವೆಯಾಯಿತು. ಗಂಡಹೆಂಡತಿ ಇಬ್ಬರೂ ಬ್ರೂಕ್ಲಿನ್‌ನಲ್ಲಿ ಜೂಡೊ ಕಲಿಸುತ್ತ ಮಕ್ಕಳನ್ನು ಬೆಳೆಸಿದರು.

ಇಲ್ಲಿಂದ ಮುಂದಿನದೇ ನಾನು ಹೇಳಬೇಕೆಂದಿರುವ ಕಥೆ. ಇದರಲ್ಲಿ ವೇಷವಿಲ್ಲ, ರೋಮಾಂಚನವಿಲ್ಲ. ಅರ್ಜಿ, ಪತ್ರ, ಫೋನು, ದುಡ್ಡಿನ ಲೆಕ್ಕ. ಗಂಡಸರಿಗೆ ಜೂಡೊ ವಿಶ್ವ ಚಾಂಪಿಯನ್‌ಷಿಪ್ 1956ರಲ್ಲೇ ಶುರುವಾಗಿತ್ತು. ಹೆಂಗಸರಿಗೂ ಒಂದು ಬೇಕು ಎಂದು ರಸ್ಟಿ ಹಟ ಹಿಡಿದರು. ಯಾರೂ ನಡೆಸಲು ಮುಂದೆ ಬರದಾಗ ತಾವೇ ನಡೆಸುತ್ತೇನೆಂದರು. ದುಡ್ಡು ಸಾಲದಾದಾಗ ವಾಸದ ಮನೆಯನ್ನು ಒತ್ತೆಯಿಟ್ಟರು. ಒಡವೆ ಒತ್ತೆಯಿಟ್ಟು ಮಗನನ್ನು ಎಂಜಿನಿಯರಿಂಗ್ ಓದಿಸಿದ ತಾಯಂದಿರು ನಮ್ಮ ಬೀದಿಗೊಬ್ಬರಿದ್ದಾರೆ. ಯಾರದೋ ಊರಿನ ಯಾರದೋ ಹೆಣ್ಣುಮಕ್ಕಳು ಪಂದ್ಯ ಆಡಲಿ ಎಂದು ಮನೆ ಒತ್ತೆಯಿಟ್ಟವರನ್ನು ನಾನಂತೂ ಬೇರೆ ಕೇಳಿಲ್ಲ. 1980ರ ನವೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಹುಡುಗಿಯರು ಬಂದರು.

ಆಮೇಲೆ ಒಲಿಂಪಿಕ್ಸ್. ಹೆಂಗಸರ ಜೂಡೊ ಸೇರಿಸದಿದ್ದರೆ ಕೋರ್ಟಿಗೆ ಎಳೆಯುತ್ತೇನೆಂದು ದೊಡ್ಡದೊಡ್ಡವರನ್ನು ಹೆದರಿಸಿದರು. 1988ರಲ್ಲಿ ಸೋಲ್‌ನಲ್ಲಿ ಸೇರಿಸಿದರು, ಆದರೆ ಹೇಗೆ? 'ಪ್ರದರ್ಶನ ಕ್ರೀಡೆ'ಯಾಗಿ! 1964ರಲ್ಲಿ ಫುಕುದಾ ಪ್ರದರ್ಶಿಸಿದರು, ಇಪ್ಪತ್ತನಾಲ್ಕು ವರ್ಷದ ಮೇಲೂ ಹೆಂಗಸರದು ಪ್ರದರ್ಶನವೇ. ಅಮೆರಿಕದ ಮಹಿಳಾ ತಂಡಕ್ಕೆ ಆ ಸಲ ತರಬೇತುದಾರ್ತಿಯಾಗಿ ಹೋದವರು ರಸ್ಟಿ. ಅವರ ಹುಡುಗಿಯರು ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ. ಕೊನೆಗೂ 1992ರಲ್ಲಿ ಬಾರ್ಸಿಲೋನಾದಲ್ಲಿ ಹೆಂಗಸರ ಜೂಡೊಗೆ ಲೆಕ್ಕಕ್ಕೆ ಬರುವ ಪದಕ ಸಿಕ್ಕಿತು. ಗಂಡಸರ ನಂತರ ಇಪ್ಪತ್ತೆಂಟು ವರ್ಷಕ್ಕೆ. ಅಷ್ಟು ಹೊತ್ತಿಗೆ ರಸ್ಟಿಗೆ ಐವತ್ತೇಳು, ಇವತ್ತು ನನಗೆ ಆಗಿರುವಷ್ಟೇ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಕೇಳಿ. ಅಮೆರಿಕದಿಂದ ಜೂಡೊ ವಿಶ್ವ ಚಾಂಪಿಯನ್ ಆದ ಮೊದಲ ವ್ಯಕ್ತಿ ಗಂಡಸಲ್ಲ. 1984ರಲ್ಲಿ ವಿಯೆನ್ನಾದಲ್ಲಿ ಗೆದ್ದ ಆನ್‌ಮರಿಯಾ ಎಂಬ ಹೆಂಗಸು. ಒಲಿಂಪಿಕ್ಸ್ ಜೂಡೊದಲ್ಲಿ ಆ ದೇಶಕ್ಕೆ ಮೊದಲ ಚಿನ್ನ ತಂದದ್ದೂ ಗಂಡಸಲ್ಲ. 2012ರಲ್ಲಿ ಲಂಡನ್‌ನಲ್ಲಿ ಕೇಲಾ ಹ್ಯಾರಿಸನ್. ಪಂದ್ಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

'ಆದರೂ' ಪಕ್ಷದವರಿಗೆ ಇಲ್ಲೊಂದು ಮಾತಿದೆ. ನಿಮಗೆ ಬೇಕಾಗಿರುವುದು ಬರೀ ಆತ್ಮರಕ್ಷಣೆಯೇ ಆಗಿದ್ದರೂ ಅದು ಪಂದ್ಯವಿಲ್ಲದೆ ಬರುವುದಿಲ್ಲ. ಬಿಟ್ಟುಕೊಡಲು ಒಪ್ಪದ ಎದುರಾಳಿಯ ಕಾಲರು ಹಿಡಿದು, ಸೋತು, ಮತ್ತೆ ಹಿಡಿದು, ನೂರು ಸಲ ಚಾಪೆಗೆ ಬಿದ್ದ ಹುಡುಗಿಯ ಕಾಲು ಮಾತ್ರ ನೆಲದಲ್ಲಿ ನಿಲ್ಲುತ್ತದೆ. ಬಾಯಿಪಾಠದ ಕಾತಾ ಬಸ್‌ಸ್ಟ್ಯಾಂಡಿನಲ್ಲಿ ಕೆಲಸಕ್ಕೆ ಬಾರದು. ಈಜು ಕಲಿಸುತ್ತೇವೆಂದು ಬೋರ್ಡಿನ ಮೇಲೆ ಚಿತ್ರ ಬರೆದಂತೆ ಅದು.

ಆದರೆ ಪಂದ್ಯ ಎಂದೊಡನೆ ಇನ್ನೊಂದು ಪ್ರಶ್ನೆ ಬರುತ್ತದೆ, ತಾಯಂದಿರ ಪ್ರಶ್ನೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಮೈಗೆ ಮೈ ತಾಗುವ ಆಟ, ಕಲಿಸುವವನು ಗಂಡಸು, ಊರೂರಿಗೆ ಹೋಗಬೇಕು, ರಾತ್ರಿ ಎಲ್ಲೋ ತಂಗಬೇಕು. ಹೆದರಿಕೆ ಸುಳ್ಳಲ್ಲ. ಈಗ ಹೇಳಿದ ಆ ಕೇಲಾ ಹ್ಯಾರಿಸನ್ ಚಿಕ್ಕ ಹುಡುಗಿಯಾಗಿದ್ದಾಗ ಆಕೆಯ ತರಬೇತುದಾರನೇ ವರ್ಷಗಟ್ಟಲೆ ಆಕೆಯನ್ನು ಲೈಂಗಿಕವಾಗಿ ಹಿಂಸಿಸಿದ್ದ. ಅವನಿಗೆ ಜೈಲಾಯಿತು, ಆಕೆಯೇ ಮುಂದೆ ಅದನ್ನು ಲೋಕಕ್ಕೆ ಹೇಳಿದಳು. ಜಪಾನಿನಲ್ಲಿ ಹದಿನೈದು ಮಂದಿ ಅಗ್ರ ಜೂಡೊ ಆಟಗಾರ್ತಿಯರು ತಮ್ಮ ಮುಖ್ಯ ತರಬೇತುದಾರ ಕೆನ್ನೆಗೆ ಹೊಡೆಯುತ್ತಾನೆ, ಬಿದಿರಿನ ಕತ್ತಿಯಿಂದ ಬಾರಿಸುತ್ತಾನೆ ಎಂದು ದೂರು ಕೊಟ್ಟದ್ದು 2013ರ ಆರಂಭದಲ್ಲಿ ಬಯಲಾಯಿತು. ಅವನು ರಾಜೀನಾಮೆ ಕೊಡಬೇಕಾಯಿತು. ಆ ಹುಡುಗಿಯರ ಬೆನ್ನಿಗೆ ನಿಂತವರು ಯಾರು ಗೊತ್ತೆ? ಕಾಓರಿ ಯಮಗುಚಿ. 1984ರ ವಿಶ್ವ ಚಾಂಪಿಯನ್, ಸೋಲ್‌ನಲ್ಲಿ ಕಂಚು ಗೆದ್ದವರು, ಆಮೇಲೆ ತರಬೇತುದಾರ್ತಿ, ವಿಶ್ವವಿದ್ಯಾಲಯದ ಅಧ್ಯಾಪಕಿ. ಆಡಿ ಬಂದ ಹೆಂಗಸೊಬ್ಬರು ಹಿರಿಯ ಸ್ಥಾನದಲ್ಲಿ ಇದ್ದುದರಿಂದ ಆ ಹುಡುಗಿಯರಿಗೆ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲಾದರೂ ಇತ್ತು. ಇಲ್ಲಿ ನೋಡಿ, ನಾನೂ 'ಆದರೂ' ಎಂದೆ! ನಮ್ಮ ಕುಸ್ತಿಪಟು ಹೆಣ್ಣುಮಕ್ಕಳು 2023ರಲ್ಲಿ ಒಲಿಂಪಿಕ್ಸ್ ಪದಕ ಗೆದ್ದ ಮೇಲೂ ದೆಹಲಿಯ ಜಂತರ್ ಮಂತರ್‌ನ ಬೀದಿಯಲ್ಲಿ ಕೂರಬೇಕಾಯಿತು. ಅವರಿಗೆ ಅಂಥ ಬಾಗಿಲೂ ಇರಲಿಲ್ಲ.

ಹಾಗಾದರೆ ಪರಿಹಾರವೇನು, ಹುಡುಗಿಯರನ್ನು ಮನೆಯಲ್ಲಿ ಕೂರಿಸುವುದೇ? ಕಳ್ಳನ ಹೆದರಿಕೆಗೆ ಮನೆಯನ್ನೇ ಕಟ್ಟಬೇಡ ಎಂದಂತಾಯಿತು. ಪರಿಹಾರ, ಆಡಿದ ಹೆಂಗಸರನ್ನು ಕಲಿಸುವವರನ್ನಾಗಿ ಮಾಡುವುದು. ಸಂಬಳ ಕೊಟ್ಟು, ಕಾಯಂ ಮಾಡಿ, ಅಧಿಕಾರ ಕೊಟ್ಟು. ಆದರೆ 'ಮಹಿಳಾ ಕೋಚ್ ಸಿಗುವುದಿಲ್ಲ ಮೇಡಂ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಲ್ಲಿಂದ ಸಿಗುತ್ತಾರೆ? ಆಡಿದ ಹುಡುಗಿ ಇಪ್ಪತ್ತಮೂರಕ್ಕೆ ಮದುವೆಯಾಗಿ ಹೋಗುತ್ತಾಳೆ, ಇಲ್ಲವೇ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕೆಲಸ ಹಿಡಿಯುತ್ತಾಳೆ. ಹಿಡಿಯಲೇಬೇಕಲ್ಲ. ಮಣಿಪುರದ ಸುಶೀಲಾ ದೇವಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2014ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಬೆಳ್ಳಿ ಗೆದ್ದವಳು. ಟೋಕಿಯೊ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಜೂಡೊ ಸ್ಪರ್ಧಿ ಅವಳೇ. ಅದಕ್ಕೆ ಅರ್ಹತೆ ಪಡೆಯಲು ದೇಶದೇಶ ತಿರುಗುವ ಖರ್ಚಿಗೆ ತನ್ನ ಕಾರನ್ನು ಮಾರಿದಳೆಂದು ಪತ್ರಿಕೆಗಳಲ್ಲಿ ಬಂದಿತ್ತು. 1980ರಲ್ಲಿ ಬ್ರೂಕ್ಲಿನ್‌ನ ಮನೆ, ನಲವತ್ತು ವರ್ಷದ ಮೇಲೆ ಇಂಫಾಲದ ಕಾರು. ಇದನ್ನು 'ತ್ಯಾಗ' ಎಂದು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಡಸರ ಕ್ರಿಕೆಟ್ ಆಡಿಸಲು ಮನೆ ಮಾರಿದ ಕ್ರಿಕೆಟ್ ಮಂಡಳಿಯ ಪದಾಧಿಕಾರಿ ಒಬ್ಬನನ್ನು ತೋರಿಸಿ.

ನಮ್ಮ ಮಟ್ಟಕ್ಕೆ ಬರೋಣ. ತಾಲ್ಲೂಕು ಮಟ್ಟದ, ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹುಡುಗಿಯರ ತಂಡ ಹೊರಟಾಗ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು. ಪಿ.ಟಿ. ಮೇಷ್ಟ್ರು ಗಂಡಸಾದ್ದರಿಂದ ಕನ್ನಡದವಳೋ ಹಿಂದಿಯವಳೋ ಹೋಗಬೇಕು. ನಾನು ಹೀಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಹೋಗಿ ಏನು ಮಾಡುತ್ತೇನೆ? ಬ್ಯಾಗು ಕಾಯುತ್ತೇನೆ, ಹೇರ್‌ಪಿನ್ನು ಇಟ್ಟುಕೊಳ್ಳುತ್ತೇನೆ, ಯಾರಿಗಾದರೂ ಮುಟ್ಟಾದರೆ ಪ್ಯಾಡು ಹುಡುಕಿಕೊಡುತ್ತೇನೆ, ರಾತ್ರಿ ಬಾಗಿಲಿಗೆ ಅಡ್ಡ ಮಲಗುತ್ತೇನೆ. ಆಟದ ಒಂದು ಅಕ್ಷರ ನನಗೆ ಗೊತ್ತಿರಬೇಕಾಗಿಲ್ಲ. ಮಹಿಳೆ ಬೇಕಾಗಿರುವುದು ಕಾವಲಿಗೆ, ಕಲಿಸುವುದಕ್ಕಲ್ಲ. ಅಲ್ಲಿಯೂ ಅದೇ ಆತ್ಮರಕ್ಷಣೆ ನೋಡಿ, ಒಂದು ಸಂಬಳಕ್ಕೆ ಎರಡು ಕೆಲಸದ ಆತ್ಮರಕ್ಷಣೆ.

ಇನ್ನು ಶಿಕ್ಷಕಿಯರ ಕ್ರೀಡೆ ಎಂದರೆ ಲಿಂಬೆ ಚಮಚದ ಓಟ, ಸಂಗೀತ ಕುರ್ಚಿ. ಬಹುಮಾನ ಸ್ಟೀಲ್ ಡಬ್ಬಿ. ಲಿಂಬೆಹಣ್ಣು ಬೀಳದ ಹಾಗೆ ನಡೆಯುವುದನ್ನು ನಮಗೆ ಇಷ್ಟು ಚೆನ್ನಾಗಿ ಕಲಿಸಿದ್ದಾರೆ ಎಂದರೆ, ಸೀರೆಯ ನಿರಿಗೆಯೂ ಕದಲುವುದಿಲ್ಲ! ಹಬ್ಬದ ದಿನಗಳಲ್ಲಿ ಹುಡುಗಿಯರಿಗೆ ಲೇಜಿಮ್ಮು, ಕೋಲಾಟ, ಸಾಮೂಹಿಕ ಕವಾಯತು. ಚೆಂದವಾಗಿಯೇ ಮಾಡುತ್ತಾರೆ. ಗಣ್ಯರು ನೋಡಿ ಸಂತೋಷಪಡುತ್ತಾರೆ. ಕಾತಾ!

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಹಮಾಲಿ. ಜಿಲ್ಲಾ ಕೇಂದ್ರದಲ್ಲಿ ಅತ್ತೆಯ ಮನೆಯಲ್ಲಿದ್ದಾಗ ಒಂದಿಷ್ಟು ಜೂಡೊ ಕಲಿತು ಬಂದಿದ್ದಳು. ಜಿಲ್ಲೆಯಲ್ಲಿ ಗೆದ್ದಳು. ವಿಭಾಗ ಮಟ್ಟಕ್ಕೆ ಹೋಗಬೇಕಾದಾಗ ಜೊತೆಗೆ ಕಳಿಸಲು ಶಿಕ್ಷಕಿಯಿಲ್ಲ ಎಂದರು, ಪರೀಕ್ಷೆ ಹತ್ತಿರ ಬಂತು ಎಂದರು, ಒಬ್ಬಳಿಗಾಗಿ ಖರ್ಚೆ ಎಂದರು. ನಾನು ಹೋಗುತ್ತೇನೆಂದರೆ ಹತ್ತನೆಯ ತರಗತಿಯ ಪೋರ್ಷನ್ ಮುಗಿಸುವವರು ಯಾರು ಎಂದರು. ಅವಳ ತಾಯಿ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಮೇಡಮ್ಮೋರೆ, ಆತ್ಮರಕ್ಷಣೆಗೆ ಇಷ್ಟು ಕಲ್ತಾಳಲ್ಲ, ಸಾಕು ಬಿಡಿ" ಎಂದಳು. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಹೇಳಿದ್ದು ಅವಳ ಮಾತಲ್ಲ, ನಮ್ಮ ವೇದಿಕೆ ಅವಳಿಗೆ ಕಲಿಸಿದ ಮಾತು.

ರಸ್ಟಿಯ ಪದಕದ ವಿಷಯ ಬಿಟ್ಟುಹೋಯಿತು. 2009ರ ಆಗಸ್ಟಿನಲ್ಲಿ, ಸರಿಯಾಗಿ ಐವತ್ತು ವರ್ಷದ ಮೇಲೆ, ನ್ಯೂಯಾರ್ಕ್ ರಾಜ್ಯದ ವೈ.ಎಂ.ಸಿ.ಎ.ಯವರು ಕರೆದು ಚಿನ್ನದ ಪದಕ ಕೊಟ್ಟರು. ಆಗ ಅವರಿಗೆ ರಕ್ತದ ಕ್ಯಾನ್ಸರ್. ನವೆಂಬರಿನಲ್ಲಿ ತೀರಿಕೊಂಡರು, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ತಡವಾದರೂ ನ್ಯಾಯ ಸಿಕ್ಕಿತು ಎಂದು ಬರೆದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕಿತ್ತುಕೊಂಡ ವಸ್ತುವನ್ನು ಹಿಂತಿರುಗಿಸುವುದು ಗೌರವವಲ್ಲ, ಬಾಕಿ ತೀರಿಸುವುದು, ಅದೂ ಬಡ್ಡಿಯಿಲ್ಲದೆ. ಆ ಬಡ್ಡಿಯನ್ನು ಅವರು ತಮ್ಮ ಮನೆ ಒತ್ತೆಯಿಟ್ಟು ಬೇರೆ ಹುಡುಗಿಯರ ಹೆಸರಿನಲ್ಲಿ 1980ರಲ್ಲೇ ತಾವೇ ಕಟ್ಟಿಬಿಟ್ಟಿದ್ದರು. ಕಟ್ಟದೆ ಇದ್ದಿದ್ದರೆ ಆ ಪದಕ ಹಿಂತಿರುಗಿಸಬೇಕೆಂದು ಯಾರಿಗಾದರೂ ಹೊಳೆಯುತ್ತಿತ್ತೇ ಎಂಬುದೂ ಅನುಮಾನ.

ಈ ವರ್ಷ ನಮ್ಮ ಶಾಲೆಗೆ ಚಾಪೆಗಳು ಬೇಕೆಂದು ಅರ್ಜಿ ಹಾಕಿದ್ದೇವೆ. ಮಲಗುವ ಚಾಪೆಯಲ್ಲ, ಜೂಡೊ ಮ್ಯಾಟು. ಗುಮಾಸ್ತರು ಟೈಪು ಮಾಡಿಕೊಂಡು ಬಂದಾಗ 'ಉದ್ದೇಶ' ಎಂಬಲ್ಲಿ 'ಬಾಲಕಿಯರ ಆತ್ಮರಕ್ಷಣೆಗಾಗಿ' ಎಂದು ಹಾಕಿದ್ದರು. ಹಾಗೆ ಹಾಕಿದರೆ ಬೇಗ ಮಂಜೂರಾಗುತ್ತದಂತೆ. ನಾನು ಹೊಡೆದುಹಾಕಿ 'ಸ್ಪರ್ಧೆಗಾಗಿ' ಎಂದು ಬರೆಸಿದೆ. ಎಂಟನೇ, ಒಂಬತ್ತನೇ ತರಗತಿಯ ಹನ್ನೊಂದು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ವಿಭಾಗ ಮಟ್ಟಕ್ಕೆ ಹೋಗದೆ ಉಳಿದ ಆ ಹುಡುಗಿ ಈಗ ಜಿಲ್ಲಾ ಕೇಂದ್ರದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ. ವಾರಕ್ಕೆ ಎರಡು ಸಂಜೆ ಬಂದು ಕಲಿಸುತ್ತೇನೆಂದಿದ್ದಾಳೆ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡು ಬೇಡ. ಸಂಬಳ ಎಷ್ಟು, ಯಾರು ಕೊಡುವುದು ಎಂಬ ಮಾತು ಸೋಮವಾರದ ಸಭೆಗೆ ಇಟ್ಟಿದ್ದೇನೆ.